ಐದು ಬಾಗಿಲಿನ ಜಿಮ್ನಿ: ಸಲಿಕೆ, ಜ್ಯಾಕ್, ನೀರಿನ ಕ್ಯಾನುಗಳನ್ನು ಎಲ್ಲಿ, ಹೇಗೆ ಬಿಗಿಯಬೇಕು?

ಬನಶಂಕರಿ ಜಿಮ್ನಿ

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು ಮಾರುತಿಯ ಐದು ಬಾಗಿಲಿನ ಜಿಮ್ನಿ, ಆಟೊಮ್ಯಾಟಿಕ್ ಮಾದರಿ. ಮಳೆ ಕಡಿಮೆಯಾದ ಮೇಲೆ ಪತ್ನಿ ಮತ್ತು ಇಬ್ಬರು ಮಕ್ಕಳೊಂದಿಗೆ ಸಕಲೇಶಪುರ, ಬಿಸಿಲೆ ಕಡೆಯ ಕಚ್ಚಾ ದಾರಿಗಳಲ್ಲಿ ಓಡಾಡಬೇಕೆಂದಿದ್ದೇನೆ. ಇದುವರೆಗೆ ಕೂಡಿಸಿಕೊಂಡಿರುವ ಸಾಮಾನು ಹೀಗಿದೆ: 48 ಇಂಚಿನ ಫಾರ್ಮ್ ಜ್ಯಾಕ್ (ಉದ್ದ ಕಂಬದ ಮೇಲೆ ಹತ್ತುವ ಜ್ಯಾಕ್), ಉದ್ದ ಹಿಡಿಯ ಸಲಿಕೆ, ಒಂದು ಕೊಡಲಿ, ಒಂದು ಜೊತೆ ರಿಕವರಿ ಬೋರ್ಡು (ಹೂತ ಚಕ್ರದಡಿ ಕೊಡುವ ಹಲಗೆಗಳು), ಏರ್ ಕಂಪ್ರೆಸರ್, ಎಳೆಯುವ ಹಗ್ಗ ಮತ್ತು ಶ್ಯಾಕಲ್‌ಗಳು (ಹಗ್ಗವನ್ನು ಗಾಡಿಗೆ ಸಿಕ್ಕಿಸುವ ಕೊಂಡಿಗಳು), 20 ಲೀಟರಿನ ನೀರಿನ ಕ್ಯಾನು, 20 ಲೀಟರಿನ ಪೆಟ್ರೋಲ್ ಜೆರ್ರಿಕ್ಯಾನು, ಸಣ್ಣ ಗ್ಯಾಸ್ ಸ್ಟೋವು ಮತ್ತು ಟೂಲ್ ಬಾಕ್ಸ್.

ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಚಾವಣಿಗೆ ಕ್ಯಾರಿಯರ್ ಹಾಕಿಸಿ ಬೋರ್ಡು, ಸಲಿಕೆ, ನೀರಿನ ಕ್ಯಾನುಗಳನ್ನು ಅದರ ಮೇಲೆ ಇಡಬಹುದು, ಜ್ಯಾಕನ್ನು ಬಾನೆಟ್ಟಿನ ಅಂಚಿಗೆ ಕೂರಿಸಬಹುದು, ಜೆರ್ರಿಕ್ಯಾನನ್ನು ಹಿಂಬಾಗಿಲಿನಲ್ಲಿ ಸ್ಟೆಪ್ನಿಯ ಪಕ್ಕಕ್ಕೆ ಸಿಕ್ಕಿಸಬಹುದು ಎಂದರು. ಹಿಂದಿನ ಸೀಟು ನೆಟ್ಟಗಿದ್ದಾಗ ಡಿಕ್ಕಿಯಲ್ಲಿ ಸಿಗುವುದು 208 ಲೀಟರ್ ಜಾಗ ಮಾತ್ರವಾದ್ದರಿಂದ, ಎಲ್ಲವನ್ನೂ ಹೊರಗೆ ಕಳಿಸುವ ಈ ಸಲಹೆ ಮೊದಲ ನೋಟಕ್ಕೆ ಸರಿಯೆನಿಸುತ್ತದೆ. ಅನುಭವಿಗಳು ಏನನ್ನುತ್ತೀರಿ?

ಪೀಣ್ಯದ ಫ್ಯಾಬ್ರಿಕೇಟರ್

ಬಿಗಿಯುವ ವಿಚಾರಕ್ಕೆ ಹೋಗುವ ಮೊದಲು ತೂಕದ ಲೆಕ್ಕವನ್ನು ಮುಗಿಸಿಕೊಳ್ಳೋಣ. ನಿಮ್ಮ ವಾಹನಕ್ಕೆ ಅನುಮತಿಸಿರುವ ಒಟ್ಟು ತೂಕ 1545 ಕೆ.ಜಿ.; ಆಟೊಮ್ಯಾಟಿಕ್ ಮಾದರಿಯ ಖಾಲಿ ತೂಕ ಸುಮಾರು 1210 ಕೆ.ಜಿ. ಉಳಿಯುವ 335 ಕೆ.ಜಿ.ಯೊಳಗೆ ಜನ, ಸಾಮಾನು ಮತ್ತು ನೀವು ಮುಂದೆ ಹಾಕಿಸುವ ಕ್ಯಾರಿಯರ್, ಬಂಪರ್ ಎಲ್ಲವೂ ಅಡಗಬೇಕು. ನಿಮ್ಮ ಕುಟುಂಬದ ನಾಲ್ವರ ತೂಕ 200 ಕೆ.ಜಿ. ಎಂದಿಟ್ಟುಕೊಂಡರೆ ಕೈಯಲ್ಲಿ ಉಳಿಯುವುದು 135. ಫಾರ್ಮ್ ಜ್ಯಾಕ್ ಒಂದೇ 13 ಕೆ.ಜಿ. ಇರುತ್ತದೆ, ನೀರು 20, ತುಂಬಿದ ಪೆಟ್ರೋಲ್ ಕ್ಯಾನು ಡಬ್ಬಿಯ ಸಮೇತ 19ರ ಹತ್ತಿರ, ಬೋರ್ಡುಗಳು 8, ಕಬ್ಬಿಣದ ಕ್ಯಾರಿಯರ್ 25ರಿಂದ 30. ಇನ್ನೂ ಬಟ್ಟೆ, ಹಾಸಿಗೆ, ಟೆಂಟು, ಅಡುಗೆ ಪಾತ್ರೆಗಳು ಲೆಕ್ಕಕ್ಕೇ ಬಂದಿಲ್ಲ. ಆದ್ದರಿಂದ ಎಲ್ಲಿ ಬಿಗಿಯಬೇಕು ಎಂಬುದಕ್ಕಿಂತ ಮೊದಲು ಯಾವುದನ್ನು ಮನೆಯಲ್ಲೇ ಬಿಡಬೇಕು ಎಂದು ಕೇಳಿಕೊಳ್ಳಿ.

ನನ್ನ ಮತ ಕೇಳಿದರೆ ಮೊದಲು ಬಿಡಬೇಕಾದದ್ದು ಆ ಜ್ಯಾಕನ್ನೇ. ಅದರ ನಾಲಿಗೆಗೆ ಆನಿಕೆಯಾಗಿ ಗಟ್ಟಿಯಾದ ಸ್ಟೀಲ್ ಬಂಪರ್ ಅಥವಾ ಛಾಸಿಗೆ ಬಿಗಿದ ಸೈಡ್ ಸ್ಲೈಡರ್ (ಬಾಗಿಲುಗಳ ಕೆಳಗಿನ ಗಟ್ಟಿ ಕೊಳವೆ) ಬೇಕು. ನಿಮ್ಮ ಗಾಡಿಯ ಪ್ಲಾಸ್ಟಿಕ್ ಬಂಪರಿನಡಿ ಅದನ್ನು ಕೊಟ್ಟರೆ ಮೇಲೇಳುವುದು ಬಂಪರೇ ಹೊರತು ಗಾಡಿಯಲ್ಲ. ಒಂದು ಒಳ್ಳೆಯ ಬಾಟಲ್ ಜ್ಯಾಕ್, ಅದರಡಿಗೆ ಒಂದಡಿ ಚದರದ ದಪ್ಪ ಪ್ಲೈವುಡ್ ತುಂಡು ಇದ್ದರೆ ಕೆಸರಿನಲ್ಲಿಯೂ ಕೆಲಸವಾಗುತ್ತದೆ, ಎರಡೂ ಸೇರಿ ಅರ್ಧ ತೂಕಕ್ಕಿಂತ ಕಡಿಮೆ.

ಇನ್ನು ಬಿಗಿತದ ವಿಚಾರ. ಹೆಚ್ಚಿನವರು ಕ್ಲಾಂಪಿನ ಬಲ ನೋಡುತ್ತಾರೆ, ಬೋಲ್ಟಿನ ದಪ್ಪ ನೋಡುತ್ತಾರೆ, ಬೋಲ್ಟ್ ಯಾವುದಕ್ಕೆ ಕೂತಿದೆ ಎಂಬುದನ್ನು ಮಾತ್ರ ನೋಡುವುದಿಲ್ಲ. 8.8 ಗ್ರೇಡಿನ (ಗಟ್ಟಿ ಉಕ್ಕಿನ) ಎಂ8, ಎಂದರೆ 8 ಮಿ.ಮೀ. ದಪ್ಪದ ಬೋಲ್ಟ್ ಒಂದು ಸುಮಾರು ಎರಡು ಟನ್ನಿನ ನೇರ ಎಳೆತವನ್ನು ತಡೆದುಕೊಳ್ಳುತ್ತದೆ. ಆದರೆ ಕಾರಿನ ಹೊರಮೈಯ ತಗಡು ಮುಕ್ಕಾಲು ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಬೋಲ್ಟ್ ಎಂದೂ ತುಂಡಾಗುವುದಿಲ್ಲ. ತಗಡು ಮೊದಲು ತೂತಿನ ಸುತ್ತ ಬಿರುಕು ಬಿಡುತ್ತದೆ, ನಂತರ ಹರಿದು ಬೋಲ್ಟನ್ನೇ ಬಿಟ್ಟುಕೊಡುತ್ತದೆ. ಬಾನೆಟ್ಟಿನ ಅಂಚಿಗೆ 13 ಕೆ.ಜಿ. ಕಬ್ಬಿಣ ಕೂರಿಸಿ ಕಲ್ಲು ದಾರಿಯಲ್ಲಿ ಓಡಿಸಿದರೆ ಆಗುವುದು ಅದೇ. ಅದರ ಜೊತೆಗೆ ಬಾನೆಟ್ಟಿನ ಹಿಂಜು ಸಡಿಲವಾಗುತ್ತದೆ, ಚಾಲಕನ ನೋಟಕ್ಕೆ ಅಡ್ಡಬರುತ್ತದೆ, ಪಾದಚಾರಿಗೆ ತಗುಲಿದರೆ ಪರಿಣಾಮ ಏನೆಂದು ಹೇಳಬೇಕಾಗಿಲ್ಲ. ಜ್ಯಾಕಿನ ಪಿನ್ನುಗಳು ಹೊರಗೇ ಇದ್ದು ಧೂಳು ತಿಂದು ಸಿಕ್ಕಿಕೊಳ್ಳುತ್ತವೆ, ಆದ್ದರಿಂದ ಬೇಕಾದ ಹೊತ್ತಿಗೆ ಅದು ಕೆಲಸ ಮಾಡುತ್ತದೆಂಬ ಭರವಸೆಯೂ ಇಲ್ಲ.

ಹಿಂಬಾಗಿಲಿಗೂ ಇದೇ ಮಾತು ಅನ್ವಯಿಸುತ್ತದೆ. ಜಿಮ್ನಿ, ಥಾರ್‌ಗಳ ಪಕ್ಕಕ್ಕೆ ತೆರೆಯುವ ಬಾಗಿಲು ಸ್ಟೆಪ್ನಿಯ ಭಾರವನ್ನು ಹೊರಲೆಂದು ಮಾಡಿದ್ದು, ಅದರ ಮೇಲೆ ಇನ್ನೂ 19 ಕೆ.ಜಿ. ದ್ರವವನ್ನು ಹೊರಲಿಕ್ಕಲ್ಲ. ಪೆಟ್ರೋಲ್ ಕ್ಯಾನನ್ನು ಹಿಂದಿನಿಂದ ಬರುವ ವಾಹನ ಮೊದಲು ಗುದ್ದುವ ಜಾಗದಲ್ಲೇ ನೇತುಹಾಕುವುದು ಬೇರೆಯದೇ ಅಪಾಯ.

ಗೂರ್ಖಾ, ನಾಗರಭಾವಿ

ಬಾನೆಟ್ಟು, ಹಿಂಬಾಗಿಲುಗಳ ವಿಷಯದಲ್ಲಿ ನನ್ನದೂ ಒಪ್ಪಿಗೆ. ಆದರೆ ಅದೇ ಕಾರಣಕ್ಕೆ ಚಾವಣಿಯನ್ನೂ ಸಾರಾಸಗಟಾಗಿ ತಳ್ಳಿಹಾಕುವುದು ಸರಿಯಾಗದು. ಲೆಕ್ಕ ಹಾಕಿ ನೋಡೋಣ. 1400 ಕೆ.ಜಿ. ತೂಗುವ ಗಾಡಿಯ ಗುರುತ್ವ ಕೇಂದ್ರ ನೆಲದಿಂದ 65 ಸೆಂ.ಮೀ. ಮೇಲಿದೆ ಎಂದು ಊಹಿಸಿಕೊಳ್ಳಿ. 185 ಸೆಂ.ಮೀ. ಎತ್ತರದಲ್ಲಿ 50 ಕೆ.ಜಿ. ಇಟ್ಟರೆ ಕೇಂದ್ರ ಮೇಲೇರುವುದು 4 ಸೆಂ.ಮೀ. ಮಾತ್ರ. ಚಕ್ರಗಳ ನಡುವಣ ಅಂತರ 140 ಸೆಂ.ಮೀ. ಎಂದು ಹಿಡಿದರೆ, ಪಕ್ಕಕ್ಕೆ ಉರುಳುವ ಕೋನ 47 ಡಿಗ್ರಿಯಿಂದ 45ಕ್ಕೆ ಇಳಿಯುತ್ತದೆ. ಎರಡು ಡಿಗ್ರಿಗಾಗಿ ಡಿಕ್ಕಿಯ ಜಾಗವನ್ನೆಲ್ಲ ಬಿಟ್ಟುಕೊಡಬೇಕೇ?

ಪೀಣ್ಯದ ಫ್ಯಾಬ್ರಿಕೇಟರ್

ಲೆಕ್ಕ ತಪ್ಪಿಲ್ಲ, ಆದರೆ ಅದು ಅಲುಗಾಡದೆ ನಿಂತ, ಸ್ಪ್ರಿಂಗೇ ಇಲ್ಲದ ಗಾಡಿಯ ಲೆಕ್ಕ. ಓರೆ ಇಳಿಜಾರಿನಲ್ಲಿ ಕೆಳಗಿನ ಬದಿಯ ಸ್ಪ್ರಿಂಗುಗಳು ಕುಗ್ಗಿ, ಮೇಲಿನವು ಹಿಗ್ಗಿ, ಬಾಡಿಯು ನೆಲದ ಓರೆಗಿಂತ ಹೆಚ್ಚು ವಾಲುತ್ತದೆ. ಭಾರ ಎತ್ತರದಲ್ಲಿದ್ದಷ್ಟೂ ಈ ವಾಲುವಿಕೆ ಬೆಳೆಯುತ್ತದೆ. ಅದೇ ಹೊತ್ತಿಗೆ ಕೆಳಬದಿಯ ಚಕ್ರವೊಂದು ಕುಳಿಗೆ ಇಳಿದರೆ ಮೇಲಿನ 50 ಕೆ.ಜಿ. ವೇಗ ಪಡೆದುಕೊಂಡು ಬಾಡಿಯನ್ನು ಇನ್ನಷ್ಟು ತಳ್ಳುತ್ತದೆ. ಗಾಡಿಗಳು ಪಲ್ಟಿಯಾಗುವುದು 45 ಡಿಗ್ರಿಯ ಗೋಡೆಯಂಥ ಇಳಿಜಾರಿನಲ್ಲಲ್ಲ, 25 ಡಿಗ್ರಿಯಲ್ಲಿ ಹೀಗೆ ಕುಳಿಗೆ ಬಿದ್ದಾಗ.

ಇನ್ನೊಂದು ಮಾತು. ತಯಾರಕರು ಚಾವಣಿಗೆ ಕೊಟ್ಟಿರುವ ಮಿತಿಯನ್ನು ಮಾಲೀಕರ ಕೈಪಿಡಿಯಲ್ಲಿ ನೋಡಿ. ಮೂರು ಬಾಗಿಲಿನ ಜಿಮ್ನಿಗೆ ವಿದೇಶಗಳಲ್ಲಿ ಕೊಟ್ಟಿರುವುದು 30 ಕೆ.ಜಿ., ಅದೂ ಕ್ಯಾರಿಯರಿನ ತೂಕವನ್ನು ಸೇರಿಸಿ. ಕಬ್ಬಿಣದ ಕ್ಯಾರಿಯರ್ ಹಾಕಿಸಿದಿರೆಂದರೆ ಮಿತಿ ಅಲ್ಲಿಗೇ ಮುಗಿಯಿತು. ಅಲ್ಯೂಮಿನಿಯಂ ಅಡ್ಡಪಟ್ಟಿಗಳ ಮೇಲೆ ಎರಡು ಬೋರ್ಡು, ಮಡಚಿದ ಟಾರ್ಪಾಲು, ಇಷ್ಟಕ್ಕೆ ನನ್ನ ತಕರಾರಿಲ್ಲ. ನೀರು, ಕಬ್ಬಿಣ, ಪೆಟ್ರೋಲು ಮೇಲೇರುವುದು ಬೇಡ. ನಿಮ್ಮ ಗೂರ್ಖಾ ಇದಕ್ಕಿಂತ ಬಹಳ ದೊಡ್ಡ, ಭಾರದ ಗಾಡಿ. ಅದಕ್ಕೆ ಸಲ್ಲುವ ಸಲಹೆ ಜಿಮ್ನಿಗೆ ಸಲ್ಲಲೇಬೇಕೆಂದಿಲ್ಲ.

ಗೂರ್ಖಾ, ನಾಗರಭಾವಿ

ಬೋರ್ಡುಗಳ ಮಟ್ಟಿಗೆ ಒಪ್ಪಂದಕ್ಕೆ ಬಂದೆವು ಎಂದುಕೊಳ್ಳುತ್ತೇನೆ. ಮಣ್ಣು ಮೆತ್ತಿದ ಬೋರ್ಡುಗಳನ್ನು ಕ್ಯಾಬಿನ್ನಿನ ಒಳಗೆ ಇಟ್ಟುಕೊಂಡು ಬೆಂಗಳೂರಿನವರೆಗೆ ಬರುವುದು ಯಾರಿಗೂ ಇಷ್ಟವಾಗುವುದಿಲ್ಲ.

ಹಳೆ ಜೀಪು, ಬಸವನಗುಡಿ

ಹೊರಗೆ ಬಿಗಿಯುವುದೇ ತಪ್ಪು ಎಂಬ ಭಾವನೆ ಬರಬಾರದೆಂದು ಎರಡು ಮಾತು ಸೇರಿಸುತ್ತೇನೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಸಲಿಕೆ ಮತ್ತು ಕೊಡಲಿಗಳು ಬಾಡಿಯ ಎಡಬದಿಯಲ್ಲಿ, ಬಾಗಿಲಿನ ತೆರವಿನ ಕೆಳಗೆ ಇರುತ್ತಿದ್ದವು. ಅಲಗು ಕೂರಲು ಒಂದು ಹಿಡಿಕೆ, ಹಿಡಿಗೆ ಕ್ಯಾನ್ವಾಸ್ ಪಟ್ಟಿ, ಅಷ್ಟೆ. ಗಮನಿಸಬೇಕಾದದ್ದು ಅವುಗಳ ಸ್ಥಾನವನ್ನು: ತಗ್ಗಿನಲ್ಲಿ, ಎರಡು ಆಕ್ಸಲ್‌ಗಳ ನಡುವೆ, ಅಗಲವನ್ನು ಹೆಚ್ಚಿಸದಂತೆ ಬಾಡಿಗೆ ಒತ್ತಿಕೊಂಡು. ನಮ್ಮ ಈಗಿನ ಗಾಡಿಗಳಲ್ಲಿ ಆ ಜಾಗದಲ್ಲಿ ಬಾಗಿಲುಗಳಿರುವುದರಿಂದ ಸಲಿಕೆ ಮೇಲಕ್ಕೋ ಹಿಂದಕ್ಕೋ ಹೋಗಿದೆ.

ಈಗ ಹಗ್ಗದ ಮಾತು. ರ್‍ಯಾಚೆಟ್ ಬೆಲ್ಟ್ (ಹಲ್ಲಿನ ಹಿಡಿಯಿಂದ ಬಿಗಿಯುವ ಪಟ್ಟಿ) ಇಲ್ಲದ ಕಾಲದಲ್ಲಿಯೂ ಕಲಾಸಿಪಾಳ್ಯದಿಂದ ಲಾರಿಗಳು ಲೋಡು ಹೊತ್ತು ಘಟ್ಟ ಇಳಿದಿವೆ. ಲಾರಿಯವರು ಹಾಕುವ ಗಂಟಿನಲ್ಲಿ ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಕೆಳಗಿನ ಕೊಕ್ಕೆಗೆ ಸುತ್ತಿ ತಂದು, ಆ ಕುಣಿಕೆಯ ಮೂಲಕ ಎಳೆಯುತ್ತಾರೆ. ಕಾಗದದ ಮೇಲೆ ಅದು ಕೈಬಲವನ್ನು ಮೂರು ಪಟ್ಟು ಮಾಡುತ್ತದೆ. ಹಗ್ಗ ಹಗ್ಗಕ್ಕೆ ಉಜ್ಜುವುದರಿಂದ ನಿಜದಲ್ಲಿ ಎರಡು ಪಟ್ಟಿಗಿಂತಲೂ ಕಡಿಮೆ ಸಿಗುತ್ತದೆ, ಆದರೂ ಸಾಕಷ್ಟಾಯಿತು. ಬೆಲ್ಟಿನ ಹಲ್ಲು ಸವೆದು ಜಾರಿದ ದಿನ ಈ ಗಂಟು ಗೊತ್ತಿದ್ದವನು ಮನೆ ಸೇರುತ್ತಾನೆ. ಹತ್ತು ನಿಮಿಷ ಕೊಟ್ಟರೆ ಯಾವ ಲಾರಿ ಕ್ಲೀನರೂ ಕಲಿಸಿಕೊಡುತ್ತಾನೆ, ನಾಚಿಕೊಳ್ಳಬೇಡಿ.

ಥಾರ್ ರಾಕ್ಸ್, ಹೆಬ್ಬಾಳ

ಮಕ್ಕಳೂ ಬರುತ್ತಾರೆ ಎಂದು ಬರೆದಿದ್ದೀರಿ, ಎಂದರೆ ಹಿಂದಿನ ಸೀಟಿನಲ್ಲಿ ಕೂರುವವರು ಅವರು, ಆದರೆ ಇದುವರೆಗಿನ ಚರ್ಚೆ ಗಾಡಿಯ ಕ್ಷೇಮದ ಸುತ್ತಲೇ ನಡೆದಿದೆ. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಮಕ್ಕಳ ತಲೆಯ ಹಿಂದೆ, ಕೈಯಳತೆಯಷ್ಟು ದೂರದಲ್ಲಿ ಬಿಡಿಯಾಗಿ ಬಿದ್ದಿರುವ ಕಬ್ಬಿಣ. 50 ಕಿ.ಮೀ. ವೇಗದಲ್ಲಿರುವ ಗಾಡಿ ಏನನ್ನಾದರೂ ಗುದ್ದಿ ಅರ್ಧ ಮೀಟರಿನೊಳಗೆ ನಿಂತಿತೆಂದರೆ ಒಳಗಿನ ಪ್ರತಿ ವಸ್ತುವೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 13 ಕೆ.ಜಿ.ಯ ಜ್ಯಾಕ್ ಆ ಕ್ಷಣಕ್ಕೆ 260 ಕೆ.ಜಿ. ಸೀಟಿನ ಬೆನ್ನು ಇದನ್ನು ತಡೆಯುತ್ತದೆ ಎಂದು ಹೇಳುವವರಿದ್ದಾರೆ. ಸೀಟುಗಳ ಬಗೆಗಿನ ವಿಶ್ವಸಂಸ್ಥೆಯ ಆರ್17 ನಿಯಮದಲ್ಲಿ ಸೀಟಿನ ಬೆನ್ನಿನ ಹಿಂದೆ ತಲಾ 18 ಕೆ.ಜಿ.ಯ ಎರಡು ಪೆಟ್ಟಿಗೆಗಳನ್ನಿಟ್ಟು 50 ಕಿ.ಮೀ. ವೇಗದ ಡಿಕ್ಕಿಯನ್ನು ಅನುಕರಿಸಿ ಪರೀಕ್ಷಿಸುತ್ತಾರೆ. ಅಂದರೆ ಪರೀಕ್ಷೆಯಾಗಿರುವುದು 36 ಕೆ.ಜಿ.ಗೆ, ಅದೂ ಚೌಕಾಕಾರದ ಪೆಟ್ಟಿಗೆಗಳಿಗೆ. ಮೊನಚಾದ ಕಬ್ಬಿಣಕ್ಕಾಗಲಿ, ಸೀಟಿನ ತಲೆದಿಂಬಿಗಿಂತ ಎತ್ತರಕ್ಕೆ ಪೇರಿಸಿದ ಸಾಮಾನಿಗಾಗಲಿ ಅಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಪಾಲಿಸುವ ಕ್ರಮ ಹೀಗಿದೆ. ಅತಿ ಭಾರದ್ದು ನೆಲದ ಮೇಲೆ, ಸೀಟಿನ ಬೆನ್ನಿಗೆ ಒತ್ತಿಕೊಂಡು ಕೂರಬೇಕು, ನಡುವೆ ಒಂದು ಬೆರಳಿನಷ್ಟೂ ಸಂದು ಬಿಡಬಾರದು. ಸಂದು ಇದ್ದಷ್ಟೂ ವಸ್ತು ವೇಗ ಪಡೆದುಕೊಂಡು ಬಂದು ಬಡಿಯುತ್ತದೆ. ಸೀಟಿನ ಬೆನ್ನಿನ ಎತ್ತರಕ್ಕಿಂತ ಮೇಲೆ ಏನೂ ಬರಬಾರದು. ಬರಲೇಬೇಕಾದರೆ ಪಾಲಿಯೆಸ್ಟರ್ ಪಟ್ಟಿಯ ಬಲೆಯನ್ನು ಬಾಡಿಯ ಗಟ್ಟಿ ಬಿಂದುಗಳಿಗೆ ಕಟ್ಟಿರಬೇಕು. ಅಂಗಡಿಯಲ್ಲಿ ಸಿಗುವ ಎಲಾಸ್ಟಿಕ್ ಬಲೆ ಬ್ರೆಡ್ಡಿನ ಪ್ಯಾಕೆಟ್ ಜಾರದಂತೆ ಹಿಡಿಯಲು ಮಾತ್ರ ಸರಿ. ಮಕ್ಕಳ ಸೀಟಿಗೆಂದು ಕೊಟ್ಟಿರುವ ಐಸೋಫಿಕ್ಸ್ ಕೊಂಡಿಗಳಿಗೆ ಸಾಮಾನಿನ ಬೆಲ್ಟ್ ಸಿಕ್ಕಿಸಬೇಡಿ.

ಗ್ಯಾಸ್ ಸ್ಟೋವಿನ ಬಗ್ಗೆಯೂ ಹೇಳಿಬಿಡುತ್ತೇನೆ. ಆ ಸಣ್ಣ ಬ್ಯುಟೇನ್ ಡಬ್ಬಿಗಳ ಮೇಲೆ 50 ಡಿಗ್ರಿಗಿಂತ ಹೆಚ್ಚಿನ ಶಾಖ ತಗುಲದಂತೆ ನೋಡಿಕೊಳ್ಳಿ ಎಂದು ಬರೆದಿರುತ್ತದೆ. ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಆ ಮಟ್ಟ ಮುಟ್ಟುವುದು ಕಷ್ಟವೇನಲ್ಲ. ಡಬ್ಬಿಯನ್ನು ಸ್ಟೋವಿನಿಂದ ಬಿಚ್ಚಿ, ನೆರಳಿನ ಬದಿಯಲ್ಲಿ, ತಳದಲ್ಲಿ ಇಡಿ.

ಬನಶಂಕರಿ ಜಿಮ್ನಿ

ಮೇಡಂ, ಸಂದು ಬಿಡಬಾರದೆಂಬ ಮಾತು ನನಗೆ ಹೊಳೆದೇ ಇರಲಿಲ್ಲ. ಜ್ಯಾಕ್ ಮನೆಯಲ್ಲೇ ಉಳಿಯುತ್ತದೆ. ಹಾಗಾದರೆ ಉಳಿದವುಗಳನ್ನು ನೆಲಕ್ಕೆ ಬಿಗಿಯಲು ಎಷ್ಟು ಬಲದ ಬೆಲ್ಟ್ ಬೇಕು? ರಬ್ಬರಿನ ಕ್ಲಾಂಪುಗಳನ್ನು ನಂಬಬಹುದೇ?

ಪೀಣ್ಯದ ಫ್ಯಾಬ್ರಿಕೇಟರ್

ಬೆಲ್ಟಿನ ಲೇಬಲ್ಲನ್ನು ಓದುವುದರಿಂದ ಆರಂಭಿಸೋಣ. ಒಳ್ಳೆಯ ಬೆಲ್ಟಿಗೆ ಹೊಲಿದ ಚೀಟಿಯಲ್ಲಿ ಎಲ್‌ಸಿ ಎಂಬ ಅಂಕಿ ಡೆಕಾನ್ಯೂಟನ್‌ನಲ್ಲಿ ಇರುತ್ತದೆ. ಒಂದು ಡೆಕಾನ್ಯೂಟನ್ ಎಂದರೆ ಹೆಚ್ಚುಕಡಿಮೆ ಒಂದು ಕೆ.ಜಿ. ಭಾರ. ಅದು ಬೆಲ್ಟ್ ತಡೆದುಕೊಳ್ಳುವ ಬಲ. ಅದರ ಪಕ್ಕದಲ್ಲೇ ಎಸ್‌ಟಿಎಫ್ ಎಂದು ಬರೆದಿರುತ್ತದೆ. ಅದು ಕೈಯಿಂದ ರ್‍ಯಾಚೆಟ್ ಎಳೆದಾಗ ಬೆಲ್ಟಿನಲ್ಲಿ ಹುಟ್ಟುವ ಬಿಗಿತ. ಇವೆರಡೂ ಒಂದೇ ಅಲ್ಲ, ಆದರೆ ಬಹಳ ಮಂದಿ ಒಂದೇ ಎಂದು ತಿಳಿಯುತ್ತಾರೆ. ಚೀಟಿಯೇ ಇಲ್ಲದ ಬೆಲ್ಟನ್ನು ಎಸ್.ಪಿ. ರಸ್ತೆಯಲ್ಲಿ ಎಷ್ಟು ಅಗ್ಗಕ್ಕೆ ಕೊಟ್ಟರೂ ಜೀವಕ್ಕೆ ಸಂಬಂಧಿಸಿದ ಭಾರಕ್ಕೆ ಬಳಸಬೇಡಿ.

ಯುರೋಪಿನ ಇಎನ್ 12195-1 ಮಾನದಂಡ ರಸ್ತೆಯ ಸಾಮಾನ್ಯ ಓಡಾಟಕ್ಕೆ, ಅಂದರೆ ಜೋರಾದ ಬ್ರೇಕು ಮತ್ತು ತಿರುವುಗಳಿಗೆ, ಮುಂದಕ್ಕೆ ತೂಕದ 0.8 ಪಟ್ಟು, ಪಕ್ಕಕ್ಕೂ ಹಿಂದಕ್ಕೂ 0.5 ಪಟ್ಟು ಬಲವನ್ನು ತಡೆಯಬೇಕು ಎನ್ನುತ್ತದೆ. 30 ಕೆ.ಜಿ.ಯ ಟೂಲ್ ಬಾಕ್ಸಿಗೆ ಮುಂದಕ್ಕೆ 24 ಕೆ.ಜಿ. ಬಲ, ಇದೇನು ಮಹಾ ಎನಿಸಬಹುದು. ಆದರೆ ಪೆಟ್ಟಿಗೆಯ ಮೇಲಿಂದ ಬೆಲ್ಟ್ ಹಾಯಿಸಿ ಕೆಳಕ್ಕೆ ಒತ್ತಿದಾಗ ಅದನ್ನು ಹಿಡಿದಿಡುವುದು ಬೆಲ್ಟಲ್ಲ, ತಳದ ಘರ್ಷಣೆ. ನುಣ್ಣನೆಯ ತಗಡಿನ ಮೇಲೆ ಘರ್ಷಣೆ ಬಹಳ ಕಡಿಮೆ. ಪೆಟ್ಟಿಗೆಯಡಿ ಒರಟು ರಬ್ಬರ್ ಹಾಸು ಇಟ್ಟರೆ ಅದು ಸುಮಾರು ಎರಡು ಪಟ್ಟಾಗುತ್ತದೆ. ನೂರಿನ್ನೂರು ರೂಪಾಯಿಯ ಹಾಸು ಮಾಡುವ ಈ ಕೆಲಸವನ್ನು ಇನ್ನೊಂದು ಬೆಲ್ಟ್ ಮಾಡುವುದಿಲ್ಲ. ಗಾಡಿ ಏನನ್ನಾದರೂ ಗುದ್ದುವ ಮಾತು ಬಂದರೆ ಘರ್ಷಣೆಯನ್ನು ಮರೆತುಬಿಡಿ. ಅಲ್ಲಿ ಬೇಕಾದದ್ದು ಮೇಡಂ ಹೇಳಿದ 20 ಪಟ್ಟು. ಅದಕ್ಕೆ ಪೆಟ್ಟಿಗೆಯ ಹಿಡಿಕೆಯಿಂದ ಹಿಂದಿನ ಕೊಂಡಿಗೆ ನೇರವಾಗಿ ಎಳೆದು ಕಟ್ಟಿದ ಬೆಲ್ಟ್ ಬೇಕು, ಅದರ ಜೊತೆ ಸೀಟಿನ ಬೆನ್ನಿನ ಆಸರೆಯೂ ಬೇಕು.

ಬೆಲ್ಟ್ ಪಾಲಿಯೆಸ್ಟರಿನದಾಗಿರಲಿ. ನೈಲಾನ್ ಹೆಚ್ಚು ಹಿಗ್ಗುತ್ತದೆ, ನೆನೆದರೆ ಇನ್ನಷ್ಟು ಸಡಿಲವಾಗುತ್ತದೆ. ಎಳೆದು ಗಾಡಿ ಹೊರತೆಗೆಯುವ ಹಗ್ಗಕ್ಕೆ ಆ ಹಿಗ್ಗುವಿಕೆಯೇ ಗುಣ, ಸಾಮಾನು ಬಿಗಿಯಲು ಅದೇ ದೋಷ. ಪ್ಲಾಸ್ಟಿಕ್ ಕ್ರೇಟುಗಳಿಗೆ ರ್‍ಯಾಚೆಟ್ ಬೇಡ, ಅದು ಕ್ರೇಟನ್ನೇ ಹಿಂಡಿಬಿಡುತ್ತದೆ. ಕೈಯಿಂದ ಎಳೆಯುವ ಕ್ಯಾಮ್ ಬಕಲ್ ಸಾಕು. ಕೊಕ್ಕೆಯಿರುವ ಬಂಜಿ ಹಗ್ಗಗಳನ್ನು ನಾನು ನನ್ನ ವರ್ಕ್‌ಶಾಪಿನಲ್ಲಿಯೇ ಇಟ್ಟುಕೊಳ್ಳುವುದಿಲ್ಲ. ಜಾರಿದ ಕೊಕ್ಕೆ ಹಾರುವುದು ಮುಖದ ಕಡೆಗೇ.

ರಬ್ಬರ್ ಕ್ಲಾಂಪುಗಳ ವಿಷಯ: ಸಲಿಕೆಯ ಹಿಡಿ, ಟಾರ್ಚು, ಮಡಚುವ ಗರಗಸಗಳಿಗೆ ಅವು ಚೆನ್ನ. ಹೆಸರಾಂತ ಕ್ವಿಕ್ ಫಿಸ್ಟ್ ಕ್ಲಾಂಪಿನ ಮೂಲ ಅಳತೆಯದು 22 ಮಿ.ಮೀ.ನಿಂದ 57 ಮಿ.ಮೀ. ದಪ್ಪದ ವಸ್ತುವನ್ನು ಹಿಡಿಯುತ್ತದೆ, ಅದಕ್ಕೆ ಕೊಟ್ಟಿರುವ ಭಾರಮಿತಿ 25 ಪೌಂಡು, ಎಂದರೆ 11 ಕೆ.ಜಿ.ಯಷ್ಟು. ಸಲಿಕೆಗೆ ಯಾವಾಗಲೂ ಎರಡು ಕ್ಲಾಂಪು ಹಾಕಿ, ಜೊತೆಗೆ ಅಲಗು ಒಂದು ತಡೆಗೆ ಒತ್ತಿಕೊಂಡಿರುವಂತೆ ಕೂರಿಸಿ. ಕ್ಲಾಂಪು ಹಿಡಿಯನ್ನು ಸುತ್ತಿಕೊಳ್ಳುತ್ತದೆಯೇ ಹೊರತು ಅದು ಉದ್ದಕ್ಕೆ ಜಾರುವುದನ್ನು ಪೂರ್ತಿ ತಡೆಯುವುದಿಲ್ಲ.

ಕೂರಿಸುವ ಹಲಗೆಗೆ ಮೂರು ಆಯ್ಕೆಗಳಿವೆ. 2 ಮಿ.ಮೀ. ಸ್ಟೀಲ್ ತಗಡು ಚದರ ಮೀಟರಿಗೆ ಸುಮಾರು 16 ಕೆ.ಜಿ. ತೂಗುತ್ತದೆ; 3 ಮಿ.ಮೀ. ಅಲ್ಯೂಮಿನಿಯಂ 8 ಕೆ.ಜಿ.; 12 ಮಿ.ಮೀ. ಪ್ಲೈವುಡ್ ಕೂಡ ಅಷ್ಟೇ. ಪ್ಲೈವುಡ್ ಎಂದರೆ ಐಎಸ್ 710 ಗುರುತಿನ ಮರೈನ್ ದರ್ಜೆಯದು, ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಕಡೆ ಕೇಳಿ. ಪಕ್ಕದ ಗಾಜಿನ ಒಳಗೆ ತೂತುಗಳಿರುವ ಅಲ್ಯೂಮಿನಿಯಂ ಹಲಗೆ, ನೆಲಕ್ಕೆ ಪ್ಲೈವುಡ್, ಇದು ನನ್ನ ಆಯ್ಕೆ. ಅಲ್ಯೂಮಿನಿಯಂ ಮತ್ತು ಕಬ್ಬಿಣ ನೇರವಾಗಿ ತಾಗುವಲ್ಲಿ ನೈಲಾನ್ ವಾಷರ್ ಇಡಿ, ಇಲ್ಲವಾದರೆ ಮಲೆನಾಡಿನ ತೇವಕ್ಕೆ ಆ ಜಾಗದಲ್ಲಿ ಅಲ್ಯೂಮಿನಿಯಂ ಬೂದಿಯಾಗುತ್ತ ಹೋಗುತ್ತದೆ.

ಹಲಗೆಯನ್ನು ಬಾಡಿಗೆ ಕೂರಿಸುವಾಗ ಕಾರ್ಖಾನೆಯೇ ಕೊಟ್ಟ ಬೋಲ್ಟ್ ತೂತುಗಳಿದ್ದರೆ ಅವುಗಳನ್ನೇ ಬಳಸಿ. ಹೊಸ ತೂತು ಬೇಕೇ ಬೇಕೆಂದರೆ ತಗಡಿನ ಹಿಂಬದಿಯಲ್ಲಿ 50 ಮಿ.ಮೀ. ಚದರದ, 3 ಮಿ.ಮೀ. ದಪ್ಪದ ಪಟ್ಟಿ ಇಟ್ಟು ಬಿಗಿಯಿರಿ, ಆಗ ಎಳೆತ ತೂತಿನ ಅಂಚಿನ ಮೇಲೆ ಬೀಳದೆ ಅಷ್ಟಗಲಕ್ಕೆ ಹರಡುತ್ತದೆ. ಹಿಂಬದಿಗೆ ಕೈ ಹೋಗದ ಕಡೆ ರಿವ್‌ನಟ್ (ಒಂದೇ ಬದಿಯಿಂದ ತಗಡಿಗೆ ಕೂರಿಸುವ ನಟ್) ಉಂಟು, ಎಂ6ಕ್ಕೆ 9 ಮಿ.ಮೀ., ಎಂ8ಕ್ಕೆ 11 ಮಿ.ಮೀ. ತೂತು, ಆದರೆ ಅದನ್ನು ಹಗುರವಾದ ಹಲಗೆ, ಕ್ಲಾಂಪುಗಳಿಗೆ ಮಾತ್ರ ಮೀಸಲಿಡಿ, ನೀರಿನ ಕ್ಯಾನಿನ ಬೆಲ್ಟಿಗೆ ಬೇಡ. ಕೊರೆದ ಅಂಚಿಗೆ ಅಂದೇ ಜಿಂಕ್ ಪ್ರೈಮರ್ ಹಚ್ಚಿ. ನಿಮ್ಮ ಗಾಡಿಯಲ್ಲಿ ಆರು ಏರ್‌ಬ್ಯಾಗುಗಳಿವೆ, ಪರದೆಯಂತೆ ಬಿಚ್ಚಿಕೊಳ್ಳುವವು ಗಾಜುಗಳ ಮೇಲಂಚಿನ ಉದ್ದಕ್ಕೂ ಅಡಗಿರುತ್ತವೆ. ಆ ಭಾಗಕ್ಕೂ ಕಂಬಗಳಿಗೂ ಡ್ರಿಲ್ ತಾಗಿಸಲೇಬೇಡಿ, ಅವು ಬಿಚ್ಚಿಕೊಳ್ಳುವ ದಾರಿಗೆ ಹಲಗೆಯನ್ನು ಅಡ್ಡ ತರಬೇಡಿ. ನೆಲಕ್ಕೆ ಕೊರೆಯುವ ಮೊದಲು ಗಾಡಿಯನ್ನು ಲಿಫ್ಟಿಗೇರಿಸಿ ಪೆಟ್ರೋಲ್ ಟ್ಯಾಂಕೂ ಬ್ರೇಕ್ ಪೈಪೂ ಎಲ್ಲಿವೆ ಎಂದು ಕಣ್ಣಾರೆ ನೋಡಿಕೊಳ್ಳಿ.

ಹಳೆ ಜೀಪು, ಬಸವನಗುಡಿ

ಚಾವಣಿಯ ಬೋರ್ಡುಗಳ ಮೇಲಿನ ಬೆಲ್ಟಿಗೆ ಒಂದು ಅರ್ಧ ಸುತ್ತು ಕೊಟ್ಟು ಬಿಗಿಯಿರಿ, ನೈಸ್ ರಸ್ತೆಯಲ್ಲಿ ಗಾಳಿಗೆ ಗುಂಯ್‌ಗುಡುವುದು ನಿಲ್ಲುತ್ತದೆ. ಬೆಲ್ಟ್ ಕಬ್ಬಿಣದ ಅಂಚನ್ನು ದಾಟುವಲ್ಲಿ ಹಳೆಯ ಟ್ಯೂಬಿನ ತುಂಡು ಇಡಿ.

ವಕೀಲೆ, ಮಲ್ಲೇಶ್ವರ

ಕಾನೂನಿನ ಬದಿಯನ್ನು ಯಾರೂ ಮುಟ್ಟದ ಕಾರಣ ಕೆಲವು ಅಂಶಗಳನ್ನು ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ನು ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ವ್ಯಾಖ್ಯಾನಿಸಿತು. ಬುಲ್ ಬಾರ್‌ಗಳ (ಬಂಪರಿನ ಮುಂದೆ ಹಾಕಿಸುವ ಕಬ್ಬಿಣದ ಕಂಬಿಗಳ) ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದದ್ದೂ ಇದೇ ಸೆಕ್ಷನ್ನಿನ ಆಧಾರದ ಮೇಲೆ. ಹಿಂದಿನ ಸೀಟನ್ನು ಕಿತ್ತು ಅದರ ಜಾಗದಲ್ಲಿ ಶಾಶ್ವತವಾಗಿ ಡ್ರಾಯರುಗಳನ್ನು ಕೂರಿಸಿದರೆ ಆಸನಗಳ ಸಂಖ್ಯೆಯೇ ಬದಲಾಗುತ್ತದೆ. ಸೀಟು ಮಡಚಿದಾಗ ಇಟ್ಟು, ಬೇಡವಾದಾಗ ಎತ್ತಿಡುವ ಪೆಟ್ಟಿಗೆಯಾದರೆ ಆ ಪ್ರಶ್ನೆ ಏಳುವುದಿಲ್ಲ.

ಬಾಡಿಯ ಪಕ್ಕಕ್ಕೆ, ಹಿಂದಕ್ಕೆ ಅಥವಾ ಅನುಮತಿಸಿದ ಎತ್ತರವನ್ನು ಮೀರಿ ಸಾಮಾನು ಚಾಚಿಕೊಂಡಿದ್ದರೆ 2019ರ ತಿದ್ದುಪಡಿಯಲ್ಲಿ ಸೇರಿದ 194(1ಎ) ಸೆಕ್ಷನ್ನಿನಡಿ ದಂಡ 20,000 ರೂಪಾಯಿ. ನಂಬರ್ ಪ್ಲೇಟು, ಹಿಂದಿನ ದೀಪಗಳು ಮರೆಯಾಗಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಪೆಟ್ರೋಲಿನ ವಿಷಯದಲ್ಲಿ 1934ರ ಪೆಟ್ರೋಲಿಯಂ ಕಾಯ್ದೆ ಸ್ವಂತ ಬಳಕೆಗೆ 30 ಲೀಟರಿನವರೆಗೆ ಪರವಾನಗಿ ಕೇಳುವುದಿಲ್ಲ. ಲೋಹದ ಪಾತ್ರೆ 25 ಲೀಟರ್ ಮೀರದೆ, ಭದ್ರವಾದ ಮುಚ್ಚಳ ಹೊಂದಿರಬೇಕು. ಹಾಗೆಂದು ಕಾನೂನು ಬಿಟ್ಟದ್ದನ್ನೆಲ್ಲ ಹೊತ್ತುಕೊಂಡೇ ಹೋಗಬೇಕೆಂದಿಲ್ಲ.

ಕೊಡಲಿಯ ಬಗ್ಗೆ ವಿಶೇಷ ಎಚ್ಚರ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ನಿನ ಪ್ರಕಾರ ಅನುಮತಿಯಿಲ್ಲದೆ ಆಯುಧ ಸಮೇತ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ, ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯಿಸುತ್ತದೆ. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಚಾಕು, ಕೊಕ್ಕೆ, ಬಲೆಗಳಷ್ಟೇ ಅಲ್ಲ, ಪ್ರಾಣಿಯನ್ನು ಗಾಯಗೊಳಿಸಬಲ್ಲ ಯಾವುದೇ ಉಪಕರಣವೂ ಆಯುಧವೇ. ಬಂಡೀಪುರ, ನಾಗರಹೊಳೆಗಳ ಚೆಕ್‌ಪೋಸ್ಟಿನಲ್ಲಿ ಕೊಡಲಿಯನ್ನು ಗಾಡಿಯ ಹೊರಮೈಗೆ ಪ್ರದರ್ಶನಕ್ಕಿಟ್ಟು ನಿಂತರೆ, ಅದು ಬಿದ್ದ ಮರ ಕಡಿಯಲು ಎಂಬ ನಿಮ್ಮ ವಿವರಣೆಯನ್ನು ಸಿಬ್ಬಂದಿ ಒಪ್ಪಬೇಕಾದ ಅಗತ್ಯವಿಲ್ಲ. ಕಾಡಿನಲ್ಲಿ ಬಿದ್ದ ಮರವನ್ನು ತೆರವು ಮಾಡುವುದು ಅರಣ್ಯ ಇಲಾಖೆಯ ಕೆಲಸ, ಪ್ರವಾಸಿಗರದಲ್ಲ.

ಗೂರ್ಖಾ, ನಾಗರಭಾವಿ

ಪೆಟ್ರೋಲ್ ಕ್ಯಾನಿನ ಅಗತ್ಯವೂ ನನಗೆ ಕಾಣುವುದಿಲ್ಲ. ಜಿಮ್ನಿಯ ಟ್ಯಾಂಕು 40 ಲೀಟರಿನದು. ಬೆಂಗಳೂರಿನಿಂದ ಸಕಲೇಶಪುರ ಸುಮಾರು 220 ಕಿ.ಮೀ., ದಾರಿಯುದ್ದಕ್ಕೂ ಬಂಕುಗಳಿವೆ. ಸಕಲೇಶಪುರದಲ್ಲಿ ಟ್ಯಾಂಕು ತುಂಬಿಸಿಕೊಂಡು ಹೊರಟರೆ ಬಿಸಿಲೆ ಮುಗಿಸಿ ಸುಬ್ರಹ್ಮಣ್ಯಕ್ಕೆ ಇಳಿದರೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ.

ಪಟ್ಟಿಯಲ್ಲಿ ಅಗ್ನಿಶಾಮಕ ಕಾಣಲಿಲ್ಲವಲ್ಲ? ಒಂದು ಕೆ.ಜಿ.ಯ ಎಬಿಸಿ ಪುಡಿಯದು, ಐಎಸ್ 15683 ಗುರುತಿರುವುದನ್ನು ಕೊಳ್ಳಿ. ಅದು ಡಿಕ್ಕಿಯಲ್ಲಿದ್ದರೆ ಇಲ್ಲದಂತೆಯೇ. ಚಾಲಕ ಬೆಲ್ಟ್ ಬಿಚ್ಚಿದೊಡನೆ ಕೈಗೆ ಸಿಗಬೇಕು. ಮುಂದಿನ ಸೀಟಿನ ಕೆಳಗೆ, ಮುಂಭಾಗದಲ್ಲಿ, ಅಡ್ಡಲಾಗಿ, ಲೋಹದ ಹಿಡಿಕೆಯಲ್ಲಿ ಕೂರಿಸಿ. ಜೊತೆಗೆ ಕೊಡುವ ಪ್ಲಾಸ್ಟಿಕ್ ಹಿಡಿಕೆಯನ್ನು ಎಸೆದುಬಿಡಿ, ಅದು ಗೋಡೆಗೆ ಸರಿ. ಕುಲುಕಾಟಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗುವುದುಂಟು, ಆಗಾಗ ತಲೆಕೆಳಗು ಮಾಡಿ ತಟ್ಟಿ, ಮುಳ್ಳು ಹಸಿರಿನಲ್ಲಿದೆಯೇ ನೋಡಿಕೊಳ್ಳಿ.

ಥಾರ್ ರಾಕ್ಸ್, ಹೆಬ್ಬಾಳ

ಎಳೆಯುವ ಹಗ್ಗ ಮತ್ತು ಶ್ಯಾಕಲ್‌ಗಳನ್ನು ಎಲ್ಲಕ್ಕಿಂತ ಕೆಳಗೆ ತುಂಬಿಸಿಡಬೇಡಿ. ಗಾಡಿ ಹೂತಾಗ ಮೊದಲು ಬೇಕಾಗುವುದು ಅವೇ, ಆಗ ಅರ್ಧ ಸಂಸಾರವನ್ನು ಕೆಸರಿಗೆ ಇಳಿಸಬೇಕಾಗುತ್ತದೆ. ಹಿಂಬಾಗಿಲು ದಿಣ್ಣೆಗೆ ಒತ್ತಿಕೊಂಡು ತೆರೆಯದೇ ಹೋಗುವುದೂ ಉಂಟು. ಜಿಪ್ ಇರುವ ದಪ್ಪ ಚೀಲದಲ್ಲಿ ಹಾಕಿ, ಪಕ್ಕದ ಬಾಗಿಲಿನಿಂದ ಕೈ ಚಾಚಿದರೆ ಸಿಗುವಂತೆ ಸೀಟಿನ ಪಾದದ ಬಳಿ ಕಟ್ಟಿಡಿ. ಶ್ಯಾಕಲ್‌ಗಳು ಬಿಡಿಯಾಗಿ ಬಿದ್ದಿರಬಾರದು.

ಬನಶಂಕರಿ ಜಿಮ್ನಿ

ಎಲ್ಲರಿಗೂ ಧನ್ಯವಾದಗಳು. ಜ್ಯಾಕು, ಕೊಡಲಿ, ಪೆಟ್ರೋಲ್ ಕ್ಯಾನುಗಳನ್ನು ಪಟ್ಟಿಯಿಂದ ತೆಗೆದಿದ್ದೇನೆ. ಬೋರ್ಡುಗಳು ಅಲ್ಯೂಮಿನಿಯಂ ಅಡ್ಡಪಟ್ಟಿಗಳ ಮೇಲೆ, ಸಲಿಕೆ ಪಕ್ಕದ ಹಲಗೆಗೆ, ನೀರು ಹತ್ತು ಲೀಟರಿನ ಎರಡು ಕ್ಯಾನುಗಳಾಗಿ ಸೀಟಿನ ಬೆನ್ನಿಗೆ ಒತ್ತಿಕೊಂಡು ನೆಲದ ಮೇಲೆ, ನಡುವೆ ಟೂಲ್ ಬಾಕ್ಸು, ಇವುಗಳಡಿ ರಬ್ಬರ್ ಹಾಸು. ಪೀಣ್ಯದ ಸರ್ ಅವರಿಗೆ ಕೊನೆಯದಾಗಿ ಎರಡು ಪ್ರಶ್ನೆ: ಮಕ್ಕಳಿಲ್ಲದೆ ನಾವಿಬ್ಬರೇ ಹೋಗುವಾಗ ಹಿಂದಿನ ಸೀಟು ಮಡಚಿ ಉದ್ದದ ಹಲಗೆ ಹಾಸಬೇಕೆಂದಿದ್ದೇನೆ, ಆಗ ಬೆಲ್ಟಿಗೆ ಕೊಂಡಿ ಎಲ್ಲಿ ಸಿಗುತ್ತದೆ? ನಟ್ಟುಗಳು ಸಡಿಲವಾಗದಂತೆ ಸ್ಪ್ರಿಂಗ್ ವಾಷರ್ ಸಾಕೇ?

ಪೀಣ್ಯದ ಫ್ಯಾಬ್ರಿಕೇಟರ್

ಎರಡನೆಯದಕ್ಕೆ ಮೊದಲು ಉತ್ತರ: ಸಾಲದು. ಅಡ್ಡಡ್ಡವಾಗಿ ನಡುಗುವ ಜೋಡಣೆಯಲ್ಲಿ ಸ್ಪ್ರಿಂಗ್ ವಾಷರ್ ಹೆಚ್ಚೇನೂ ಮಾಡುವುದಿಲ್ಲ ಎಂಬುದು ಕಂಪನ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ. ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ ಹಾಕಿ, ಬಿಚ್ಚಿದಾಗಲೆಲ್ಲ ಹೊಸದನ್ನು ಬಳಸಿ. ನಟ್ ಹಾಕಲಾಗದ ಕಡೆ ಬಿಚ್ಚಲು ಬರುವ ನೀಲಿ ಬಣ್ಣದ ಥ್ರೆಡ್ ಲಾಕರ್ ಒಂದು ಹನಿ. 8.8 ಗ್ರೇಡಿನ ಎಂ6 ಬೋಲ್ಟಿಗೆ 10 ನ್ಯೂಟನ್ ಮೀಟರ್, ಎಂ8ಕ್ಕೆ 25 ನ್ಯೂಟನ್ ಮೀಟರ್ ಬಿಗಿತ. ರಿವ್‌ನಟ್ಟಿಗೆ ಇಷ್ಟು ಕೊಟ್ಟರೆ ತಿರುಗಿಬಿಡುತ್ತದೆ, ಅದಕ್ಕೆ ತಯಾರಕರ ಅಂಕಿಯನ್ನೇ ನೋಡಿ. ಬಿಗಿದ ಮೇಲೆ ನಟ್ಟಿನಿಂದ ಹಲಗೆಯವರೆಗೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದು ಸ್ಪ್ಯಾನರ್ ಇಲ್ಲದೆಯೇ ತಿಳಿಯುತ್ತದೆ. ಮೊದಲ ಕಚ್ಚಾ ದಾರಿ ಮುಗಿದೊಡನೆ ನೋಡಿ, ಪ್ಲೈವುಡ್ ಸ್ವಲ್ಪ ಅಮುಕಿಕೊಂಡು ಬಿಗಿತ ಇಳಿದಿರುತ್ತದೆ.

ಇನ್ನು ಕೊಂಡಿ. ಸೀಟು ಮಡಚಿದಾಗ, ಯಾರೂ ಕೂರದಿರುವಾಗ, ಹಿಂದಿನ ಸೀಟ್ ಬೆಲ್ಟಿನ ಕೆಳ ಬೋಲ್ಟಿನ ಜಾಗ ಗಾಡಿಯಲ್ಲೇ ಅತಿ ಗಟ್ಟಿಯಾದ ಬಿಂದುಗಳಲ್ಲಿ ಒಂದು. ಆದರೆ ಬೆಲ್ಟಿನ ಬೋಲ್ಟನ್ನು ತೆಗೆದು ಅದರ ಜಾಗಕ್ಕೆ ಐ ಬೋಲ್ಟ್ ಹಾಕುವುದಾದರೆ ಎರಡು ಎಚ್ಚರ. ಅಲ್ಲಿರುವ ತಿರುಪು ಸಾಮಾನ್ಯವಾಗಿ 7/16 ಇಂಚಿನ, ಇಂಚಿಗೆ 20 ಸುತ್ತಿನ ಯುಎನ್‌ಎಫ್ (ಇಂಚಿನ ಅಳತೆಯ ನಯ ಎಳೆ). ಎಂ10 ಸಡಿಲವಾಗಿ ಕೂರುತ್ತದೆ, ಎಂ12 ಬಲವಂತದಿಂದ ಹೋದರೆ ಎಳೆಗಳನ್ನೇ ಹಾಳುಮಾಡುತ್ತದೆ. ಅಳತೆ ಹೇಳಿಯೇ ಕೇಳಿ, ಗ್ರೇಡ್ ಗುರುತು ತಲೆಯ ಮೇಲಿರಬೇಕು. ಮತ್ತೆ ಮಕ್ಕಳು ಕೂರುವ ದಿನ ಮೂಲ ಬೋಲ್ಟನ್ನು ಸರ್ವಿಸ್ ಪುಸ್ತಕದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಕೂರಿಸಬೇಕು. ಇಷ್ಟು ತಾಳ್ಮೆ ಇಲ್ಲವೆನಿಸಿದರೆ ಬೆಲ್ಟಿನ ಬೋಲ್ಟನ್ನು ಮುಟ್ಟದೆ, ಹಲಗೆಯ ನಾಲ್ಕು ಮೂಲೆಗಳನ್ನು ಸೀಟಿನ ಹಿಂಜಿನ ಬೋಲ್ಟುಗಳಿಗೂ ಡಿಕ್ಕಿಯ ನೆಲದ ಕೊಂಡಿಗಳಿಗೂ ಪಟ್ಟಿ ಹಾಕಿ ಜೋಡಿಸಿ, ಬೆಲ್ಟುಗಳನ್ನು ಹಲಗೆಯಲ್ಲಿ ಕೂರಿಸಿದ ಉಂಗುರಗಳಿಗೆ ಕಟ್ಟಿ. ಅಳತೆಗಳನ್ನು ಇಲ್ಲಿ ಹಾಕಿದರೆ ಪಟ್ಟಿಯ ನಕ್ಷೆಯನ್ನು ನಾನು ಬರೆದುಕೊಡುತ್ತೇನೆ. ಲೇಸರ್ ಕಟಿಂಗಿಗೆ ಕೊಟ್ಟರೆ ಒಂದೇ ದಿನದ ಕೆಲಸ.